ಮುಂದಿನ ಫರ್ಸಿ

"ಮಾರಿ ಮ್ಯಾಲ ಎತ್ತಲೇ," ಎಂದು ಭೀಮಶ್ಯಾ ಗೌಡ ಮಗನ ಗದ್ದಕ್ಕೆ ಎರಡು ಬೆರಳು ಕೊಟ್ಟು ಎತ್ತಿ ಹಿಡಿದ. "ನೋಡು ಸಾಯಬಣ್ಣ. ಬೆಳಕಿಗಿ ಹಿಡದೀನಿ, ಛಂದಗ ನೋಡು. ಇವು ಯಾರ ಉಗುರು?"

ಸಾಯಬಣ್ಣ ಕಲ್ಲಿನ ಖಣಿಯಿಂದ ಆಗಷ್ಟೇ ಬಂದು ಬಾಗಿಲ ಮುಂದಿನ ಬಂಡೆಯ ಮೇಲೆ ಕಾಲು ತೊಳೆಯುತ್ತಿದ್ದ. ರೆಪ್ಪೆಗೂದಲಿಗೆ ಅಂಟಿದ ಬಿಳಿ ದೂಳು ಇನ್ನೂ ಹಾಗೇ ಇತ್ತು. ಚೊಂಬು ಕೈಯಲ್ಲೇ ಉಳಿಯಿತು. ಗೌಡನ ಮಗ ಗೊಲ್ಲಾಳನ ಮೂಗಿನ ಎರಡೂ ಬದಿಗೆ ಉಗುರಿನ ಗುರುತು ಕೆಂಪಗೆ ಮೂಡಿತ್ತು. ಎಡಗೆನ್ನೆ ಉಬ್ಬಿತ್ತು. ಹುಡುಗ ಅಳುತ್ತಿರಲಿಲ್ಲ. ಓಣಿಯ ಜನ ಬಾಗಿಲಿಗೆ ಬಂದು ನಿಂತದ್ದನ್ನು ಓರೆಗಣ್ಣಿನಿಂದ ನೋಡುತ್ತ, ಅಪ್ಪನ ಬೆರಳಿನಿಂದ ಗದ್ದ ಬಿಡಿಸಿಕೊಳ್ಳಲು ಹೆಣಗುತ್ತಿದ್ದ.

"ಆಟಕ್ಕ ಏನರ ಜಗಳ ಆಗಿರ್ಬೇಕ್ರಿ ಗೌಡ್ರ," ಎಂದ ಸಾಯಬಣ್ಣ.

"ಆಟಕ್ಕ? ಮಾಸ್ತರ ಮುಂದ ನಿಂತು ಹೊಡಸ್ಯಾನ, ನಿನ್ನ ಮಗಳ ಕೈಲಿ. ದಿನಾ ಹೊಡಸ್ತಾನಂತ. ಇವತ್ತ ಉಂಬಾಕ ಕುಂತಾಗ ಇವಗ ಬಾಯಿ ತೆರಿಯಾಕ ಬರ್ಲಿಲ್ಲ, ಆಗ ಮಾಲೂಮಾತು. ಕುರಿ ಕಾಯೋರ ಮನಿ ಪೋರಿ ಗೌಡರ ಮನಿ ಮೂಗು ಹಿಡೀತಾಳಂದ್ರ..." ಗೌಡ ಮಾತನ್ನು ಅಲ್ಲಿಗೇ ಬಿಟ್ಟು ಓಣಿಯ ಎರಡೂ ಕಡೆ ನೋಡಿದ. "ನಿನ್ನ ಅಂಗಳಕ್ಕ ನಾ ಕಾಲಿಟ್ಟಿಲ್ಲ. ಓಣ್ಯಾಗ ನಿಂತು ಹೇಳಾಕತ್ತೀನಿ, ಎಲ್ಲರೂ ಕೇಳ್ಲಿ ಅಂತ. ಇನ್ನೊಮ್ಮಿ ಹಿಂಗಾದ್ರ ನಾ ಬರಂಗಿಲ್ಲ. ನೀನೇ ನಮ್ಮ ಮನಿತನಕ ಬರ್ತಿ."

"ಆತ್ರಿ," ಎಂದ ಸಾಯಬಣ್ಣ. ತಲೆ ತಗ್ಗಿಸಿಯೇ ಅಂದ. ತಗ್ಗಿಸದಿದ್ದರೆ ಮುಖದ ಮೇಲಿನದು ಕಾಣಿಸಿಬಿಡುತ್ತದೆಂದು ಅವನಿಗೆ ಹೆದರಿಕೆಯಾಗಿತ್ತು. ಹೊಟ್ಟೆಯೊಳಗೆ ಎಲ್ಲೋ ಬೆಲ್ಲದ ಹರಳಿಟ್ಟಂತೆ ಆಗಿತ್ತು.

ಕರೆಕಲ್ಲೂರಿನ ಶಾಲೆಯಲ್ಲಿ ಈ ಮೂಗು ಹಿಡಿಯುವುದು ಹೊಸದೇನಲ್ಲ. ಸುತ್ತಲ ಊರುಗಳಲ್ಲೂ ಇತ್ತು. ಮಾಸ್ತರರು ಒಂದು ಪ್ರಶ್ನೆ ಕೇಳುತ್ತಾರೆ. ಉತ್ತರ ಬಾರದವರು ಎದ್ದು ನಿಲ್ಲಬೇಕು. ಪ್ರಶ್ನೆ ಸಾಲಿನುದ್ದಕ್ಕೂ ಹೋಗುತ್ತದೆ. ಯಾರು ಉತ್ತರ ಹೇಳಿದರೋ ಅವರು ಬಂದು, ನಿಂತವರ ಮೂಗನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಕೆನ್ನೆಗೆ ಹೊಡೆಯುತ್ತ ಸಾಲು ಮುಗಿಸಬೇಕು. ಮಾಸ್ತರರ ಕೈಗೆ ದಣಿವಿಲ್ಲ. ಮಾಸ್ತರರ ಛಡಿಯೇಟು ತಿಂದವನು ಹೊರಗೆ ಬಂದು ಕೈ ಝಾಡಿಸಿ ನಗಬಹುದು. ಜೊತೆಯವರಿಂದ ಮೂಗು ಹಿಡಿಸಿಕೊಂಡವನಿಗೆ ನಗಲು ಬರುವುದಿಲ್ಲ. ಇಷ್ಟು ವರ್ಷ ಹೊಡೆಯುವವರೂ ಹೊಡೆಸಿಕೊಳ್ಳುವವರೂ ಅದಲುಬದಲಾಗುತ್ತಿದ್ದರು. ಅದರಲ್ಲಿ ಗೌಡನ ಮಗ ಬಹುಪಾಲು ಹೊಡೆಯುವವನೇ ಆಗಿದ್ದ, ಹಿಂದಿನ ಮಾಸ್ತರರು ಸುಲಭದ ಪ್ರಶ್ನೆಯನ್ನು ಅವನ ಸರದಿಗೆ ತೆಗೆದಿಡುತ್ತಿದ್ದರು. ದೇವಿಂದ್ರಪ್ಪ ಮಾಸ್ತರರು ಬಂದ ಮೇಲೆ ಅದು ನಿಂತಿತು. ಪ್ರಶ್ನೆ ಎಲ್ಲರಿಗೂ ಒಂದೇ ಆಯಿತು. ಹೊಡೆಯುವ ಕೈಯೂ ಒಂದೇ ಆಯಿತು, ಸಾಯಬಣ್ಣನ ಮಗಳು ಮಾಳಮ್ಮನದು.

ಅವಳು ಕೂರುವ ಜಾಗಕ್ಕೆ ಕಲ್ಲು ಹಾಸಿದವನೂ ಸಾಯಬಣ್ಣನೇ. ನಾಲ್ಕನೆಯ ತರಗತಿಯ ನೆಲ ಮಣ್ಣಿನದು, ಚಳಿಗಾಲದಲ್ಲಿ ಮಕ್ಕಳಿಗೆ ಥಂಡಿ ಹತ್ತುತ್ತದೆಂದು ಮಾಸ್ತರರು ಹೇಳಿದ್ದಕ್ಕೆ, ಅವನು ಖಣಿಯ ಮುಕಾದಮನ ಕೈಕಾಲು ಹಿಡಿದು ಮೂಲೆ ಮುರಿದ ಒಂದು ದೊಡ್ಡ ಪಾಲಿಶ್ ಫರ್ಸಿಯನ್ನು ತಂದಿದ್ದ. ಆ ಕಲ್ಲು ಹಾಸಲು ಒಂದು ರವಿವಾರ ಪೂರ್ತಿ ಹಿಡಿದಿತ್ತು. ನೀರು ಬಿದ್ದರೆ ಮುಖ ಕಾಣುವಂಥ ಕಲ್ಲು. ಮಾಸ್ತರರು ಅದನ್ನು ಹಲಗೆಯ ಮುಂದೆ ಹಾಕಿಸಿ, "ಹುಷಾರಿದ್ದೋರು ಇಲ್ಲಿ" ಎಂದರು. ಉಳಿದವರಿಗೆ ಮಣ್ಣೇ ಉಳಿಯಿತು.

ಗೌಡ ಓಣಿ ದಾಟಿ ಹೋದದ್ದೇ ಸಾಯಬಣ್ಣ ಒಳಗೆ ಬಂದು ಬಾಗಿಲು ಮುಂದೆ ಮಾಡಿದ. ಮಾಳಮ್ಮ ಒಲೆಯ ಬದಿಗೆ ಪಾಟಿ ಹಿಡಿದು ಕುಳಿತಿದ್ದಳು. ಹೊರಗೆ ಆದದ್ದೆಲ್ಲ ಅವಳಿಗೆ ಕೇಳಿತ್ತು. ಅಪ್ಪ ಹೊಡೆಯಬಹುದೆಂದು ಭುಜ ಮೇಲೆತ್ತಿಕೊಂಡಿದ್ದಳು.

"ಹ್ಯಾಂಗ ಹೊಡದಿ ಗೌಡನ ಮಗಗ?" ಎಂದು ಕೇಳಿದ ಸಾಯಬಣ್ಣ, ಸಣ್ಣ ದನಿಯಲ್ಲಿ.

ಹುಡುಗಿ ಪಾಟಿಯನ್ನು ಎದೆಗೆ ಒತ್ತಿಕೊಂಡಳು.

"ಬೈಯಂಗಿಲ್ಲ. ತೋರ್ಸು."

ಅವನೇ ತನ್ನ ರುಮಾಲನ್ನು ಬಿಚ್ಚಿ ಖಾರ ಅರೆಯುವ ಗುಂಡುಕಲ್ಲಿಗೆ ಸುತ್ತಿ, ಮೂಗಿನ ಹಾಗೆ ಒಂದು ತುದಿಯನ್ನು ಮುಂದಕ್ಕೆ ಎಳೆದು, ಗೋಡೆಯ ಮಾಡದೊಳಗೆ ಇಟ್ಟ. ಮಾಳಮ್ಮ ಮೊದಲು ಅವ್ವನ ಕಡೆ, ಆಮೇಲೆ ಅಪ್ಪನ ಕಡೆ ನೋಡಿದಳು. ಎದ್ದು ಬಂದಳು. ಎಡಗೈಯ ಹೆಬ್ಬೆಟ್ಟು, ತೋರುಬೆರಳಿನಲ್ಲಿ ಬಟ್ಟೆಯ ಮೂಗನ್ನು ಹಿಡಿದಳು. ಹಿಡಿದ ಮೇಲೆ ಜರಾ ಮೇಲಕ್ಕೆ ಎತ್ತಿದಳು, ಕೆನ್ನೆ ಎದುರಿಗೆ ಬರಲಿ ಎಂದು. ಬಲಗೈ ಹಿಂದಕ್ಕೆ ಹೋಗಿ ಬಂತು. ರುಮಾಲು ಸುತ್ತಿದ ಕಲ್ಲು ಮಾಡದೊಳಗೆ ಉರುಳಿತು.

ಸಾಯಬಣ್ಣ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. "ಭೀಮಶ್ಯಾ ಗೌಡ ಉರುಳಿದ ನೋಡ್ಲೇ!" ಎಂದ. ಮಾಳಮ್ಮನೂ ನಕ್ಕಳು. "ಇನ್ನೊಮ್ಮಿ," ಎಂದ.

"ನಗಬ್ಯಾಡ," ಎಂದಳು ಹೆಂಡತಿ ಪೀರಮ್ಮ, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ. "ಆ ಕಲ್ಲಿನಾಗ ನಾ ಖಾರ ಅರೀತೀನಿ. ಅದಕ್ಕ ಮೂಗ ಮಾಡಿ ಹೊಡಸ್ತಿ. ನಾಳಿ ಗೌಡ ನನ್ನ ಆಡು ಹೊಲಕ್ಕ ಬಿಡ್ತಾನೇನು?"

"ಬಿಡದಿದ್ರ ಬಿಡ್ಲಿ. ಸರ್ಕಾರಿ ಗುಡ್ಡ ಅದ."

"ಗುಡ್ಡದಾಗ ಕಲ್ಲು ಅದಾವ. ಆಡು ಕಲ್ಲು ತಿಂತಾವೇನು, ನಿನ್ನಂಗ?"

ಆ ಮಾತಿಗೂ ಸಾಯಬಣ್ಣ ನಕ್ಕ. ಅವತ್ತು ಅವನಿಗೆ ಏನು ಅಂದರೂ ನಗುವೇ ಬರುತ್ತಿತ್ತು.

ಆದರೆ ಬೆಳಗಾಗುವಷ್ಟರಲ್ಲಿ ಆ ಬೆಲ್ಲ ಕರಗಿ ಹೆದರಿಕೆ ಮಾತ್ರ ಉಳಿದಿತ್ತು. ಅವನ ಸ್ವಭಾವವೇ ಹಾಗೆ. ಖುಷಿಯಾದರೆ ಅದಕ್ಕೆ ಹಿಂದೆಯೇ ಏನೋ ಬರುತ್ತದೆಂದು ಕಾಯುವವನು. ಖಣಿಗೆ ಹೋಗುವ ದಾರಿಯಲ್ಲಿ ಶಾಲೆಗೆ ಹೋದ. ದೇವಿಂದ್ರಪ್ಪ ಮಾಸ್ತರರು ಬಾಗಿಲಲ್ಲಿ ನಿಂತು ಕನ್ನಡಕ ಒರೆಸುತ್ತಿದ್ದರು. ಸೇಡಂ ಕಡೆಯವರು. ವಾಡಿಯ ಕಿರಾಣಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತ, ಸಂಜೆಯ ಕ್ಲಾಸಿನಲ್ಲಿ ಓದಿ ಮಾಸ್ತರಾದವರು. ಕರೆಕಲ್ಲೂರಿನಲ್ಲಿ ಬಾಡಿಗೆಗೆ ಮನೆ ಇರಲಿಲ್ಲವಾಗಿ ಗೌಡನ ದನದ ಕೊಟ್ಟಿಗೆಗೆ ಹೊಂದಿಕೊಂಡ ಒಂದು ಕೋಣೆಯಲ್ಲಿ ಇದ್ದರು. ಸಂಜೆ ಗೌಡ ಕಟ್ಟೆಯ ಮೇಲೆ ಕುಳಿತು, "ಏ ಮಾಸ್ತರ, ಪೇಪರ್ ಓದು ಬಾ" ಎಂದು ಕರೆಯುತ್ತಿದ್ದ. ಮಾಸ್ತರರು ಕಟ್ಟೆಯ ಕೆಳಗೆ ನಿಂತು ಓದುತ್ತಿದ್ದರು. ಕುಂದ್ರು ಅಂತ ಒಂದು ದಿನವೂ ಗೌಡ ಅಂದದ್ದಿಲ್ಲ. ಇದು ಊರಿಗೆಲ್ಲ ಗೊತ್ತಿತ್ತು.

"ಗೌಡ ಬಂದಿದ್ನಂತ ನಿನ್ನ ಮನಿತನಕ," ಎಂದರು ಮಾಸ್ತರರು. ಕನ್ನಡಕ ಹಾಕಿಕೊಂಡಾಗ ಅವರ ತುಟಿಯ ತುದಿ ಜರಾ ಮೇಲೆ ಹೋಗಿ ಬಂತು.

"ಹೌದ್ರಿ. ನಮ್ಮ ಹುಡುಗಿಗಿ ಮೆತ್ತಗ ಹೊಡಿಯಂತ ನೀವರ ಹೇಳ್ರಿ."

"ಯಾಕ? ಕಾನೂನು ಎಲ್ಲರಿಗೂ ಒಂದೇ, ಸಾಯಬಣ್ಣ. ಗೌಡನ ಮಗಗ ಬ್ಯಾರೆ, ಕಲ್ಲು ಒಡಿಯೋನ ಮಗಳಿಗಿ ಬ್ಯಾರೆ ಇಲ್ಲ. ನಿನ್ನ ಮಗಳು ಉತ್ತರ ಹೇಳದಿದ್ರ ಗೊಲ್ಲಾಳ ಬಂದು ಅಕಿ ಮೂಗು ಹಿಡೀತಾನ. ಅದು ಛಲೋ ಅನಸ್ತದೇನು ನಿಂಗ?"

ಸಾಯಬಣ್ಣ ಒಳಗಿನ ಫರ್ಸಿಯ ಕಡೆ ನೋಡಿದ.

"ಚಿತ್ತಾಪುರದಾಗ ಹುಡುಗ್ಯಾರ ಹಾಸ್ಟೆಲ್ ಅದ. ಒಂದು ಊರಿಂದ ಒಬ್ಬಾಕೀನ ತಗೋತಾರ. ನಾನೇ ಕರಕೊಂಡು ಹೋಗಿ ನಿಲ್ಲಸ್ತೀನಿ, ಬರೇ ನನ್ನ ಮಾತು ಸಾಕು. ಆದ್ರ ಅಕಿ ಮುಂದಿನ ಫರ್ಸಿ ಮ್ಯಾಲೇ ಕುಂತಿರ್ಬೇಕು. ಇಳದಾಕೀನ್ನ ಯಾರು ತಗೋತಾರ?"

ಆ ಮಾತು ಸಾಯಬಣ್ಣನನ್ನು ಹಿಡಿದು ನಿಲ್ಲಿಸಿತು. ತನ್ನ ತಾಯಿಯನ್ನು ಗುಲಬರ್ಗಾದ ದವಾಖಾನೆಗೆ ಒಯ್ದ ದಿನ ಅವನು ಬೇರೆ ಯಾವುದೋ ಕಿಟಕಿಯ ಮುಂದಿನ ಸಾಲಿನಲ್ಲಿ ನಿಂತಿದ್ದ. ಮುಟ್ಟುವಷ್ಟು ಹತ್ತಿರದಲ್ಲಿ ಬೋರ್ಡು ಇತ್ತು. ಬೋರ್ಡಿನ ಮೇಲೆ ಏನೋ ಬರೆದಿತ್ತು. ಸಾಲು ಮುಗಿಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು, ಒಳಗಿದ್ದವ "ಇಲ್ಲಲ್ಲ, ಆ ಕಡಿ" ಎಂದಿದ್ದ. ತಾಯಿ ಬದುಕಿದ್ದಳು, ಮತ್ತೂ ಕೆಲವು ವರ್ಷ ಬದುಕಿದಳು. ಆದರೂ ಆ ಬೋರ್ಡು ಅವನ ಕಣ್ಣ ಮುಂದಿನಿಂದ ಹೋಗಿರಲಿಲ್ಲ. ಮಗಳು ಅಂಥ ಬೋರ್ಡಿನ ಮುಂದೆ ನಿಂತು ಸುಮ್ಮನೆ ಓದಿ ಮುಂದೆ ಹೋಗಬೇಕು. ಅವನಿಗೆ ಬೇಕಾದದ್ದು ಅಷ್ಟೇ.

"ಆತ್ರಿ ಮಾಸ್ತರ್ರ," ಎಂದು ಖಣಿಗೆ ಹೋದ.

ಗೌಡ ಪೀರಮ್ಮನ ಆಡುಗಳನ್ನು ತನ್ನ ಬೀಳು ಹೊಲದಿಂದ ಅಟ್ಟಿಸಿದ. ಬಾವಿಯಲ್ಲಿ ಹೆಂಗಸರು, "ಪೀರಮ್ಮ, ನಿನ್ನ ಮಗಳಿಗಿ ಹೇಳಿ ನಮ್ಮ ಗಂಡಂದಿರ ಮೂಗೂ ಹಿಡಸು, ಕುಡಿಯೋದು ಬಿಡ್ತಾರ" ಎಂದು ನಕ್ಕರು. ಮೊದಮೊದಲು ಅದು ಬರೀ ನಗೆಯಾಗಿತ್ತು. ಆಮೇಲೆ ಮಾಳಮ್ಮ ಬಾವಿಗೆ ಬಂದರೆ ಸಣ್ಣ ಮಕ್ಕಳು ಮೂಗಿಗೆ ಕೈ ಹಿಡಿದು ಓಡತೊಡಗಿದವು. ಅವಳಿಗೂ ಅದು ರೂಢಿಯಾಯಿತು. ಮನೆಯಲ್ಲಿ ಅವ್ವ ಜೋಳ ಅಳೆಯುವಾಗ ಎಣಿಕೆ ತಪ್ಪಿದರೆ, "ಇಷ್ಟೂ ಬರಲ್ಲೇನು ನಿಂಗ?" ಎಂದು ಕೇಳುವಳು. ಕೇಳುವಾಗ ದನಿ ಥೇಟ್ ಮಾಸ್ತರರದೇ.

ಒಂದು ಸಂಜೆ ಬಿಬಿಜಾನ್ ಬಂದಳು. ಅವಳೂ ಖಣಿಯಲ್ಲಿ ಚೂರುಕಲ್ಲು ಹೊರುವವಳು, ಸಾಯಬಣ್ಣನ ಜೊತೆ ಒಂದೇ ಗಿಡದ ಕೆಳಗೆ ಬುತ್ತಿ ಬಿಚ್ಚುವವಳು. ಗೌಡನ ಹಾಗೆ ಓಣಿಯಲ್ಲಿ ನಿಲ್ಲದೆ ಸೀದಾ ಒಳಗೆ ಬಂದು ಕಂಬಕ್ಕೆ ಒರಗಿ ಕುಳಿತಳು.

"ಚಹಾ ಬ್ಯಾಡ ಪೀರಮ್ಮ. ಎರಡು ಮಾತ ಆಡಿ ಹೋಗ್ತೀನಿ." ಅವಳು ಮಾಳಮ್ಮನನ್ನು ನೋಡಲಿಲ್ಲ, ಸಾಯಬಣ್ಣನನ್ನೇ ನೋಡಿದಳು. "ನನ್ನ ಶಹಾಬುದ್ದೀನಗ ಮಾತು ಜಲ್ದಿ ಬರಲ್ಲ. ನಿಂಗ ಗೊತ್ತದ. 'ಅಮ್ಮಾ' ಅನ್ನಾಕೇ ಅಂವ ಮೂರು ಸಲ ಬಾಯಿ ತೆರೀತಾನ. ಅವಗ ಉತ್ತರ ಬರ್ತದ, ಭಾಯಿ. ಮನ್ಯಾಗ ಬರ್ತದ. ಸಾಲ್ಯಾಗ ಅಂವ ಬಾಯಿ ತೆರಿಯೋದ್ರಾಗ ನಿನ್ನ ಮಗಳು ಹೇಳಿ ಮುಗಿಸಿರ್ತಾಳ. ಆಮ್ಯಾಲ ಬಂದು ಹೊಡೀತಾಳ. ದಿನಾ."

"ಗೌಡನ ಮಗಗ ಹೊಡಿಯೋದು..." ಎಂದು ಸಾಯಬಣ್ಣ ಏನೋ ಹೇಳಹೋದ.

"ಗೌಡನ ಮ್ಯಾಲಿನ ಸಿಟ್ಟು ನನ್ನ ಮಗನ ಕೆನ್ನಿಗಿ ಯಾಕ? ಮಾಸ್ತರಗ ಸಿಟ್ಟಿದ್ರ ಕಟ್ಟಿ ಮ್ಯಾಲ ಹತ್ತಿ ಕುಂದ್ರಲಿ. ನಿಂಗ ಸಿಟ್ಟಿದ್ರ..." ಬಿಬಿಜಾನ್ ಎದ್ದಳು. "ನನ್ನ ಮಗ ಆ ಬೀಳು ಹೊಲದ ಮಾಲಕ ಅಲ್ಲ."

ಅವಳು ಹೋದ ಮೇಲೆ ಸಾಯಬಣ್ಣ ಮಗಳನ್ನು ಹತ್ತಿರ ಕರೆದ. "ಶಹಾಬುದ್ದೀನಗ ಮೆತ್ತಗ ಹೊಡಿಬೇಕಿಲ್ಲೇನು? ಬರೇ ಕೈ ಮುಟ್ಟಿಸಿ ಬಿಡಬೇಕು."

"ಬಿಟ್ಟಿದ್ದೆ," ಎಂದಳು ಮಾಳಮ್ಮ. "ಮೊದಲ ದಿನ ಎಲ್ಲರಿಗೂ ಬರೇ ಮುಟ್ಟಿಸಿದ್ದೆ. ಸಾರ್, 'ಹಿಂಗಲ್ಲ, ಹಿಂಗ' ಅಂತ ನನ್ನ ಕೆನ್ನಿಗಿ ಹೊಡದು ತೋರಿಸಿದ್ರು. ಆಮ್ಯಾಲ ಎಲ್ಲರಿಗೂ ಮತ್ತೊಮ್ಮಿ ಹೊಡಸಿದ್ರು. ಮೆತ್ತಗ ಹೊಡದ್ರ ಅವರಿಗಿ ಎರಡು ಬೀಳ್ತಾವ. ಜೋರ ಹೊಡದ್ರ ಒಂದೇ."

ಅದನ್ನು ಅವಳು ಲೆಕ್ಕ ಬಿಡಿಸಿ ಹೇಳಿದ ಹಾಗೆ ಹೇಳಿದಳು. ಸಾಯಬಣ್ಣನಿಗೆ ರುಮಾಲು ಸುತ್ತಿದ ಗುಂಡುಕಲ್ಲು ನೆನಪಾಯಿತು. ಚಿತ್ತಾಪುರವೂ ನೆನಪಾಯಿತು. "ಹೋಗು, ಓದಕೋ" ಎಂದ.

ಆ ವರ್ಷ ದೊಡ್ಡವರಿಗೂ ಓದು ಕಲಿಸಬೇಕೆಂದು ಸರ್ಕಾರದ ಹುಕುಂ ಬಂದಿತ್ತು. ದೀಪ ಹಚ್ಚುವ ಹೊತ್ತಿಗೆ ಅದೇ ಶಾಲೆಯಲ್ಲಿ, ಅದೇ ಹಲಗೆಯ ಮುಂದೆ, ಖಣಿಯ ಗಂಡಸರು ಕೂರತೊಡಗಿದರು. ಸಾಯಬಣ್ಣ ಮೊದಲ ದಿನದಿಂದಲೂ ಹೋದ. ಪಾಟಿಯನ್ನು ಪಂಜೆಯ ಒಳಗೆ ಮುಚ್ಚಿಟ್ಟುಕೊಂಡು ಹೋಗುತ್ತಿದ್ದ, ಯಾರಾದರೂ ಕಂಡು ನಕ್ಕಾರೆಂದು. ಮಾಳಮ್ಮ ಕಂದೀಲು ಹಿಡಿದು ಜೊತೆಗೆ ಬರುತ್ತಿದ್ದಳು. ಮಾಸ್ತರರು ಅವಳನ್ನು ಹಲಗೆ ಒರೆಸಲು, ಮುದುಕರ ಕೈ ಹಿಡಿದು ಅಕ್ಷರ ತೀಡಿಸಲು ಇಟ್ಟುಕೊಂಡಿದ್ದರು. ಕಂದೀಲಿನ ಬೆಳಕಿನಲ್ಲಿ ಮಗಳ ಬೆರಳು ತನ್ನ ಬೆರಳಿನ ಮೇಲೆ ಕುಳಿತು 'ಅ' ತಿದ್ದಿಸಿದ ಸಂಜೆ ಸಾಯಬಣ್ಣ ಮನೆಗೆ ಬಂದು ಉಣ್ಣದೆ ಮಲಗಿದ್ದ; ಹೊಟ್ಟೆ ತುಂಬಿದೆ ಅಂದಿದ್ದ.

ಚಿತ್ತಾಪುರದಿಂದ ಸಾಹೇಬರು ತಪಾಸಣೆಗೆ ಬರುವವರಿದ್ದರು. ಅದಕ್ಕೆ ಹಿಂದಿನ ದಿನ ಎಲ್ಲರನ್ನೂ ತಯಾರು ಮಾಡಲು ಮಾಸ್ತರರು ಜೋರಿನಲ್ಲಿದ್ದರು. ಶಾಲೆಯ ಕಮಿಟಿಯ ಮುಖ್ಯಸ್ಥನೆಂದು ಭೀಮಶ್ಯಾ ಗೌಡನೂ ಬಂದು ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ತಂಬಾಕು ತಿಕ್ಕುತ್ತ ಕುಳಿತಿದ್ದ. ಪೆಟ್ರೋಮ್ಯಾಕ್ಸ್ ಅವನದು. ಅದು ಬುಸುಗುಡುತ್ತಿತ್ತು.

ಓದು ಬೇಸರವಾಗಬಾರದೆಂದೋ ಏನೋ, ಮಾಸ್ತರರು ನಗುತ್ತ, "ನಮ್ಮ ಕಾನೂನು ಎಲ್ಲರಿಗೂ ಒಂದೇ. ಬರದಿದ್ದೋರ ಮೂಗು, ಬಂದೋರ ಕೈ" ಎಂದರು. ಗಂಡಸರೆಲ್ಲ ಹೋ ಎಂದರು. ಖಣಿಯಲ್ಲಿ ಡ್ರಿಲ್ ಹೊಡೆಯುವ ಸರ್ದಾರ ಒಂದು ಅಕ್ಷರ ತಪ್ಪಿದ. ಅವನ ಬದಿಯವನು ಹೇಳಿದ. ಹೇಳಿದವನು ಸರ್ದಾರನ ಮೂಗು ಹಿಡಿಯಹೋದಾಗ ಸರ್ದಾರ, "ಲೇ, ಮೀಸಿ ಬಿಟ್ಟು ಹಿಡಿ, ಹೆಣ್ತಿ ಒಬ್ಬಾಕಿಗೇ ಅದರ ಹಕ್ಕದ" ಎಂದ. ನಗೆ ಬಿದ್ದಿತು. ಕೆನ್ನೆಗೆ ಬಿದ್ದದ್ದು ಬರೀ ತಟ್ಟಿದಂತಿತ್ತು. ಸಾಯಬಣ್ಣನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಆಮೇಲೆ ಅವನ ಸರದಿ ಬಂತು. ಹಲಗೆಯ ಮೇಲೆ ಬರೆದದ್ದನ್ನು ಅವನು ಮನೆಯಲ್ಲಿ ನೂರು ಸಲ ಓದಿದ್ದ.

"ನಮ್ಮ... ಊರಿನ..." ಎಂದ. ಅಲ್ಲಿಗೆ ನಿಂತ. ಪೆಟ್ರೋಮ್ಯಾಕ್ಸಿನ ಬೆಳಕು ಹಲಗೆಯ ಮೇಲೆ ಬಿದ್ದು ಅಕ್ಷರಗಳು ಹೊಳೆದು ಕಾಣದಾದವು. ಬಾಗಿಲ ಕಡೆಯಿಂದ ತಂಬಾಕು ಚಪ್ಪರಿಸುವ ಸದ್ದು ಕೇಳಿತು. "ಊರಿನ..." ಎಂದ ಮತ್ತೆ. ಗುಲಬರ್ಗಾದ ಬೋರ್ಡು ಅವನ ಕಣ್ಣ ಮುಂದೆ ಬಂತು.

"ಯಾರು ಹೇಳ್ತೀರಿ?" ಎಂದರು ಮಾಸ್ತರರು.

ಯಾರೂ ಹೇಳಲಿಲ್ಲ. ಬಲ್ಲವರೂ ಸುಮ್ಮನಿದ್ದರು, ಸಾಯಬಣ್ಣ ಒಳ್ಳೆಯವನೆಂದು. ಆ ಸುಮ್ಮನಿರುವಿಕೆಯೊಳಗೆ ಹಲಗೆಯ ಬದಿಯಿಂದ ಒಂದು ಕೈ ಮೇಲೆ ಹೋಯಿತು. "ಸಾರ್, ನಾ ಹೇಳ್ತೀನ್ರಿ! ನಮ್ಮ ಊರಿನ ಬಾವಿಯ ನೀರು ಸಿಹಿ!"

ಹೇಳಿ ಮುಗಿಸಿದ ಮೇಲೆಯೇ ಮಾಳಮ್ಮನಿಗೆ ತಾನು ಎಲ್ಲಿದ್ದೇನೆ ಎನ್ನುವುದು ಗೊತ್ತಾದದ್ದು. ಎತ್ತಿದ ಕೈ ಅರ್ಧಕ್ಕೆ ಇಳಿದು ನಿಂತಿತು. ಗಂಡಸರು ನೆಲ ನೋಡಿದರು. ಮಾಸ್ತರರು ಬೇಗ ಬೇಗ ಹಲಗೆಯ ಕಡೆ ತಿರುಗಿ, "ಶಾಬಾಸ್. ಮುಂದಿಂದು..." ಎಂದರು.

"ನಿಲ್ರಿ ಮಾಸ್ತರ," ಎಂದ ಗೌಡ. ಇದೇ ಮೊದಲ ಸಲ ಅವನು ಅವರಿಗೆ 'ರಿ' ಹಚ್ಚಿದ್ದು. "ಕಾನೂನು ಎಲ್ಲರಿಗೂ ಒಂದೇ ಅಂದ್ರಿ. ಈಗ ಅಂದ್ರಿ. ನಡಸ್ರಿ."

"ಗೌಡ್ರ, ಅದು ಚಾಷ್ಟಿಗಿ, ನಗಾಕ..."

"ನನ್ನ ಮಗಗ ಚಾಷ್ಟಿ ಮಾಡಿರೇನು ಇಷ್ಟು ದಿನ?" ಗೌಡ ದನಿ ಏರಿಸಲಿಲ್ಲ. "ನಾಳಿ ಸಾಹೇಬ್ರು ಬರ್ತಾರ. ಅವರಿಗೂ ಹೇಳಾಕ ಬೇಕಲ್ಲ, ನಿಮ್ಮ ಸಾಲ್ಯಾಗ ಕಾನೂನು ಯಾರಿಗಿ ಅದ, ಯಾರಿಗಿಲ್ಲ ಅಂತ."

ಹಲಗೆಗೆ ಬರೆಯಲು ಮಾಸ್ತರರ ಕೈಯಲ್ಲಿದ್ದ ಖಡು ಎರಡು ತುಂಡಾಯಿತು. ಅವರು ಸಾಯಬಣ್ಣನ ಕಡೆ ನೋಡಲಿಲ್ಲ. ತುಂಡನ್ನೇ ನೋಡುತ್ತ, "ಮಾಳಮ್ಮ," ಎಂದರು.

ಎದ್ದು ಹೋಗಿಬಿಡಬಹುದಿತ್ತು. ಸಾಯಬಣ್ಣನ ಕಾಲು ಒಂದು ಗಳಿಗೆ ಬಾಗಿಲ ಕಡೆ ತಿರುಗಿಯೂ ತಿರುಗಿದವು. ಬಾಗಿಲಲ್ಲಿ ಗೌಡನ ಕುರ್ಚಿ ಇತ್ತು. ಅದನ್ನು ದಾಟಿ ಹೋದರೆ ನಾಳೆಯಿಂದ ಆ ಫರ್ಸಿ ಯಾರದು, ಚಿತ್ತಾಪುರ ಯಾರದು ಎನ್ನುವುದು ಅವನಿಗೆ ಹೊಳೆಯಿತು. ಅವನು ಮಗಳ ಎತ್ತರಕ್ಕೆ ಸರಿಯಾಗುವಂತೆ ಮೊಣಕಾಲು ಬಗ್ಗಿಸಿ ಮುಖ ಮುಂದೆ ಮಾಡಿದ. ನಗಲು ನೋಡಿದ. "ಬಾ ಮಗಳ," ಎಂದ.

ಅವಳ ಎಡಗೈ ಬಂದು ಮೂಗು ಹಿಡಿಯಿತು. ಬೆರಳಿಗೆ ಖಡುವಿನ ವಾಸನೆ ಇತ್ತು. ಹಿಡಿದದ್ದು ಜರಾ ಮೇಲಕ್ಕೆ ಎತ್ತಿತು, ಕೆನ್ನೆ ಎದುರಿಗೆ ಬರಲಿ ಎಂದು. ಆ ಎತ್ತುವುದನ್ನು ಅವನು ತನ್ನ ಮನೆಯಲ್ಲೇ ನೋಡಿದ್ದ, ನೋಡಿ ಇನ್ನೊಮ್ಮೆ ಎಂದಿದ್ದ. ಅವನು ಮಗಳ ಕಣ್ಣು ನೋಡಿದ. ಆ ಕಣ್ಣು ಅವನನ್ನು ನೋಡುತ್ತಿರಲಿಲ್ಲ. ಕಲ್ಲು ಒಡೆಯುವವನು ಸುತ್ತಿಗೆ ಎಲ್ಲಿ ಬೀಳಬೇಕೋ ಆ ಜಾಗವನ್ನಷ್ಟೇ ನೋಡುತ್ತಾನಲ್ಲ, ಹಾಗೆ ಕೆನ್ನೆಯ ಮೇಲಿನ ಒಂದು ಜಾಗ ನೋಡುತ್ತಿತ್ತು.

ಏಟು ಜೋರಾಗಿಯೇ ಬಿದ್ದಿತು. ಕಿವಿಯಲ್ಲಿ ಪೆಟ್ರೋಮ್ಯಾಕ್ಸ್ ಬುಸುಗುಟ್ಟಿತು. ಯಾರೂ ನಗಲಿಲ್ಲ. ಗೌಡ ತಂಬಾಕು ಉಗುಳಲು ಎದ್ದು ಹೊರಗೆ ಹೋದ.

ಮನೆಯ ದಾರಿಯಲ್ಲಿ ಮಾಳಮ್ಮ ಕಂದೀಲು ಹಿಡಿದು ಮುಂದೆ ಮುಂದೆ ನಡೆದಳು. ಖಣಿಯ ಹೊಂಡದ ಬದಿಗೆ ಬಂದಾಗ ತಿರುಗದೆ, "ಅಪ್ಪಾ," ಎಂದಳು. "ಮೆತ್ತಗ ಹೊಡದಿದ್ರ ಮತ್ತೊಮ್ಮಿ ಹೊಡಿ ಅಂತಿದ್ರು."

"ಗೊತ್ತದ," ಎಂದ ಸಾಯಬಣ್ಣ.

"ಗೌಡ ಅಂತಿದ್ದ."

"ಗೊತ್ತದ ನಡಿ. ಕಲ್ಲು ಅದಾವ, ನೋಡಿ ಕಾಲಿಡು."

ಕಂದೀಲು ಅಲುಗಾಡುತ್ತಿತ್ತು. ಅವಳು ಅಳುತ್ತಿದ್ದಾಳೋ ಎಡವುತ್ತಿದ್ದಾಳೋ ಅವನಿಗೆ ಹಿಂದಿನಿಂದ ತಿಳಿಯಲಿಲ್ಲ.

ಮಾತು ಅವರಿಗಿಂತ ಮೊದಲೇ ಮನೆ ಮುಟ್ಟಿತ್ತು. ಪೀರಮ್ಮ ಬಾಗಿಲಲ್ಲೇ ನಿಂತಿದ್ದಳು. "ನಾಳಿಂದ ಸಾಲಿ ಬ್ಯಾಡ," ಎಂದಳು. "ಇವತ್ತ ಅಪ್ಪನ ಮೂಗು, ನಾಳಿ ನಂದು. ಆಡು ಕಾಯಲಿ. ಆಡಿಗಿ ಹೊಡದ್ರ ಯಾರೂ ಮನಿತನಕ ಬರಂಗಿಲ್ಲ." ಸಾಯಬಣ್ಣ ಮಾಡದಲ್ಲಿನ ಗುಂಡುಕಲ್ಲಿನ ಕಡೆ ಬೆನ್ನು ಮಾಡಿ ಮಲಗಿದ.

ನಸುಕಿನಲ್ಲಿ ಅವನಿಗೆ ಎಚ್ಚರವಾದಾಗ ಅಂಗಳದಿಂದ ಮಗಳ ದನಿ ಕೇಳುತ್ತಿತ್ತು. ಕಸ ಗುಡಿಸುತ್ತ ಮಗ್ಗಿ ಹೇಳುತ್ತಿದ್ದಳು. "ಹತ್ತೊಂಬತ್ತು ಆರಲೆ ನೂರಾ ಹದಿನಾಲ್ಕು. ಹತ್ತೊಂಬತ್ತು ಏಳಲೆ ನೂರಾ ಮೂವತ್ಮೂರು." ಕಸಬರಿಗೆ ಒಂದೇ ಲಯದಲ್ಲಿ ಹೋಗಿಬರುತ್ತಿತ್ತು, ಎಲ್ಲೂ ತಡೆಯುತ್ತಿರಲಿಲ್ಲ. ಅವನು ಎದ್ದು ಹೊರಗೆ ಬರುವಷ್ಟರಲ್ಲಿ ಅವಳು ಪಾಟಿ ತಗೊಂಡು ಹೋಗಿಬಿಟ್ಟಿದ್ದಳು.

"ಕರಕೊಂಡು ಬಾ," ಎಂದಳು ಪೀರಮ್ಮ.

ಕರೆದುಕೊಂಡು ಬರಲೆಂದೇ ಅವನು ಹೋದ. ಮಾಸ್ತರರಿಗೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡ. ಒಂದೊಂದು ಸಲ ಜೋಡಿಸಿದಾಗಲೂ ಮಾತಿನ ತುದಿಗೆ ತನ್ನ ನಗೆ, ತನ್ನ ರುಮಾಲು ಬಂದು ನಿಲ್ಲುತ್ತಿತ್ತು. ಶಾಲೆಯ ಬಾಗಿಲ ಚೌಕಟ್ಟಿಗೆ ಬಂದು ಕೈ ಇಟ್ಟ. ಒಳಗೆ ಪಾಠ ನಡೆದಿತ್ತು. ಅವನನ್ನು ಯಾರೂ ನೋಡಲಿಲ್ಲ.

ಮಾಸ್ತರರ ಮುಖ ನಿದ್ದೆಗೆಟ್ಟು ಊದಿತ್ತು. ಸಾಹೇಬರು ಮಧ್ಯಾಹ್ನಕ್ಕೆ ಬರುವವರಿದ್ದರು. "ಹತ್ತೊಂಬತ್ತು ಏಳಲೆ?" ಎಂದು ಕೇಳಿದರು.

ಒಂದು ತುದಿಯಿಂದ ಹುಡುಗರು ಏಳತೊಡಗಿದರು. ಗೊಲ್ಲಾಳ ಎದ್ದ. ಅವನ ಬದಿಯವರು ಎದ್ದರು. ಶಹಾಬುದ್ದೀನ ಎದ್ದು ಬಾಯಿ ತೆರೆದ, ಮುಚ್ಚಿದ. ಪ್ರಶ್ನೆ ಮುಂದಿನ ಫರ್ಸಿಗೆ ಬಂತು. ಮಾಸ್ತರರು ಆಗಲೇ ಹಲಗೆಯ ಕಡೆ ತಿರುಗುವವರಿದ್ದರು, ಮುಂದಿನದು ತಾನಾಗಿ ನಡೆಯುತ್ತದೆ ಎನ್ನುವ ಹಾಗೆ.

ಮಾಳಮ್ಮ ಎದ್ದು ನಿಂತಳು. ಉತ್ತರ ಹೇಳಲಿಲ್ಲ. ಫರ್ಸಿಯಿಂದ ಇಳಿದು ಹೋಗಿ ಶಹಾಬುದ್ದೀನನ ಬದಿಗೆ, ಬಾರದವರ ಸಾಲಿನಲ್ಲಿ ನಿಂತಳು.

"ಏನಿದು?" ಎಂದರು ಮಾಸ್ತರರು. "ಹತ್ತೊಂಬತ್ತು ಏಳಲೆ ಬರಲ್ಲ ನಿಂಗ?"

"ಬರಲ್ರಿ ಸಾರ್."

"ಸುಳ್ಳ ಹೇಳಬ್ಯಾಡ. ನಿನ್ನೇ ಇಡೀ ಮಗ್ಗಿ ಒಪ್ಪಿಸಿದಿ."

"ಮರತೀನ್ರಿ."

ಮಾಸ್ತರರ ಕತ್ತಿನ ನರ ಎದ್ದು ಕಾಣಿಸಿತು. "ಚಿತ್ತಾಪುರ ಬ್ಯಾಡೇನು? ಹಾಂ? ಸಾಹೇಬ್ರ ಮುಂದ ನಾ ಯಾರ ಹೆಸರು ಹೇಳ್ಲಿ? ನಿನ್ನ ಸಲುವಾಗಿ ನಾ ಈ ಊರಾಗ..." ಅವರು ನುಂಗಿಕೊಂಡರು. "ಕಡೀ ಸಲ ಕೇಳ್ತೀನಿ. ಹತ್ತೊಂಬತ್ತು ಏಳಲೆ?"

ಮಾಳಮ್ಮ ನೆಲ ನೋಡುತ್ತ ನಿಂತಳು. ಹೊರಗೆ ಸಾಯಬಣ್ಣನಿಗೆ ಉತ್ತರ ತನ್ನ ಬಾಯಿಯಲ್ಲೇ ಬಂದು ಕುಳಿತಂತಾಯಿತು. ನಸುಕಿನಲ್ಲಿ ಕೇಳಿದ್ದ.

"ನೂ..." ಎಂದಿತು ಒಂದು ದನಿ.

ಶಹಾಬುದ್ದೀನ. ಕುತ್ತಿಗೆ ಮುಂದೆ ಚಾಚಿ, ಕಣ್ಣು ಬಿಗಿಮುಚ್ಚಿ ನಿಂತಿದ್ದ. "ನೂ... ನೂರಾ..." ಅವನ ಮಾತಿನ ಮೇಲೆ ಹಾಯ್ದು ಹೋಗಲು ಅವತ್ತು ಯಾರೂ ಇರಲಿಲ್ಲ. "ಮೂ... ಮೂವ... ಮೂವತ್ಮೂರು."

ಮಾಸ್ತರರು ಅವನನ್ನು ಹೊಸದಾಗಿ ದಾಖಲಾದ ಹುಡುಗನೆಂಬಂತೆ ನೋಡಿದರು. ಆಮೇಲೆ ಮಾಳಮ್ಮನ ಕಡೆ ನೋಡಿದರು. "ಆತು," ಎಂದರು. "ಅಂವ ಹೇಳಿದ. ಹೊಡೀಲೇ ಶಹಾಬುದ್ದೀನ. ಮೊದಲು ಇಕೀನೇ."

ಹುಡುಗ ಕಣ್ಣು ತೆರೆದ. ಮಾಳಮ್ಮನ ಎದುರಿಗೆ ಬಂದು ನಿಂತ. ಅವನು ಅವಳಿಗಿಂತ ಗಿಡ್ಡ. ಅವನ ಎಡಗೈ ಮೇಲೆ ಬಂದು ಮೂಗಿನವರೆಗೆ ಸರಿಯಾಗಿ ಎಟುಕದೆ ತಡವರಿಸಿತು. ಮಾಳಮ್ಮ ಮೊಣಕಾಲು ಬಗ್ಗಿಸಿ ಮುಖ ಮುಂದೆ ಮಾಡಿದಳು.

ಸಾಯಬಣ್ಣ ಚೌಕಟ್ಟಿನಿಂದ ಕೈ ತೆಗೆದ. ಒಳಗೆ ಕಾಲಿಡಬೇಕೆಂದುಕೊಂಡ, ಇಡಲಿಲ್ಲ.

"ಹೊಡಿ," ಎಂದರು ಮಾಸ್ತರರು.

ಹುಡುಗ ತನ್ನ ಬಲಗೈಯನ್ನು ಹಿಂದಕ್ಕೆ ಒಯ್ದ. ಅಲ್ಲೇ ನಿಲ್ಲಿಸಿ, ಯಾರೋ ಹಿಡಿಯಲು ಕೊಟ್ಟ ವಸ್ತುವಿನ ಹಾಗೆ ಅದನ್ನು ತಿರುಗಿಸಿ ನೋಡಿದ.

"ಹೊಡೀಲೇ!"

ದೂರದಲ್ಲಿ ಖಣಿಯ ಕಡೆ ಯಾರೋ ಮೊದಲ ಸುತ್ತಿಗೆ ಹಾಕಿದರು. ಬಿಸಿಲು ಬಾಗಿಲಿನಿಂದ ಒಳಗೆ ಹೋಗಿ ಹಲಗೆಯ ಮುಂದಿನ ಕಲ್ಲಿನ ಮೇಲೆ ಬಿದ್ದಿತ್ತು. ಅದರ ಮೇಲೆ ಯಾರೂ ಇರಲಿಲ್ಲ. ಮುರಿದ ಮೂಲೆಯ ಹತ್ತಿರ ಒಂದು ಬಳಪದ ತುಂಡು, ಅದರ ನೆರಳಿನೊಂದಿಗೆ, ಬಿದ್ದಿತ್ತು.